ಗಾಲಿಮನೆಯ ಗೀಸರು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನಾನು ಕರೆಂಟಿನ ಕೆಲಸದವನು, ಮತ್ತು ನನಗೆ ಕರೆಂಟೆಂದರೆ ಹೆದರಿಕೆ. ಮಸ್ಕಿಯಲ್ಲಿ ಮೋಟರ್ ರಿವೈಂಡಿಂಗ್, ಗೀಸರ್ ರಿಪೇರಿ ಎಂದು ಬೋರ್ಡು ಹಾಕಿಕೊಂಡು ಕೂತವನು ಹೀಗೆಂದರೆ ನೀರಿಗೆ ಅಂಜುವ ಅಂಬಿಗನನ್ನು ಕಂಡಂತೆ ನೀವು ನಗುತ್ತೀರಿ. ನಗಿ. ನಮ್ಮೂರವರು ಎಂದಿನಿಂದಲೋ ನಗುತ್ತಿದ್ದಾರೆ. ಇಲ್ಲಿಯ ಜನರಿಗೆ ಕರೆಂಟಿನವನೆಂದರೆ ಹೀಗಿರಬೇಕು ಎಂಬ ಕಲ್ಪನೆಯಿದೆ. ಅವನು ಬರಿಗಾಲಲ್ಲಿ ಬರಬೇಕು, ಹಲ್ಲಿನಿಂದ ವೈರು ಸುಲಿಯಬೇಕು, ಬೆರಳಿನಿಂದ ಮುಟ್ಟಿ ‘ಹೂಂ, ಬಂದೈತ್ರೀ’ ಅನ್ನಬೇಕು. ನಾನು ಹಾಗಲ್ಲ. ಮೇನ್ ಆಫ್ ಮಾಡಿ, ಫ್ಯೂಸ್ ಕಿತ್ತು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು, ಟೆಸ್ಟರ್ ಹಚ್ಚಿ ನೋಡಿ, ಆ ಟೆಸ್ಟರೇ ಕೆಟ್ಟಿದ್ದರೆ ಎಂದು ಪಕ್ಕದ ಮನೆಯ ಪ್ಲಗ್ಗಿಗೆ ಹಚ್ಚಿ ನೋಡಿ ಬಂದು, ಆಮೇಲೆ ಕೈ ಹಾಕುತ್ತೇನೆ. ಅಷ್ಟರಲ್ಲಿ ಕರೆದವರಿಗೆ ನನ್ನ ಮೇಲಿನ ನಂಬಿಕೆ ಮುಗಿದಿರುತ್ತದೆ. ಒಮ್ಮೆ ಒಬ್ಬ ಮುದುಕ ನನ್ನೆದುರಿಗೇ ಮಗನಿಗೆ ಹೇಳಿದ: ‘ಬ್ಯಾರೆದಾವನ್ನ ಕರಕೊಂಡು ಬಾರಲೇ. ಇವಗ ತನ್ನ ಜೀವದ ಫಿಕರ್ ಭಾಳ ಐತಿ.’ ಬೇರೆಯವನನ್ನು ಕರೆತಂದರು. ಅವನಿಗೆ ಎಡಗೈಯಲ್ಲಿ ಒಂದು ಬೆರಳು ಕಡಿಮೆ ಇತ್ತು. ಅದನ್ನು ನೋಡಿ ಮುದುಕನಿಗೆ ಅವನ ಅನುಭವದ ಮೇಲೆ ಪೂರ್ತಿ ಭರವಸೆ ಬಂತು.

ಈ ಹೆದರಿಕೆ ನನಗೆ ಕಸುಬಿನಿಂದ ಬಂದದ್ದಲ್ಲ, ಹುಟ್ಟಿನಿಂದ ಬಂದದ್ದು. ಮನೆಗೆ ಕೀಲಿ ಹಾಕಿ ಓಣಿಯ ತಿರುವಿನವರೆಗೆ ಹೋಗಿ, ಕೀಲಿ ಹಾಕಿದೆನೋ ಇಲ್ಲವೋ ಎಂದು ಹಿಂದಿರುಗುತ್ತೇನೆ. ಹಿಂದಿರುಗಿ ಜಗ್ಗಿ ನೋಡಿ ಹೊರಟ ಮೇಲೆ, ಹಾಗೆ ಜಗ್ಗಿದ್ದರಿಂದ ಕೀಲಿ ಸಡಿಲಾಯಿತೇನೋ ಎಂದು ಇನ್ನೊಮ್ಮೆ ಹೋಗುತ್ತೇನೆ. ‘ನಿಮಗ ಒಂದು ದಿನ ಚಿಂತಿ ಇಲ್ಲ ಅಂದ್ರ, ಯಾಕ ಇಲ್ಲ ಅಂತ ಕುಂತು ಚಿಂತಿ ಮಾಡ್ತೀರಿ’ ಎಂದು ನನ್ನ ಹೆಂಡತಿ ಗಿರಿಜಾ ಹೇಳುತ್ತಾಳೆ. ಸುಳ್ಳಲ್ಲ. ಆದರೆ ನನ್ನ ಚಿಂತೆಗಳಲ್ಲೆಲ್ಲ ಹಿರಿಯ ಚಿಂತೆ ಎಂದರೆ ಅರ್ಥಿಂಗ್. ಪ್ಲಗ್ಗಿಗೆ ಮೂರನೆಯ, ದಪ್ಪನೆಯ ಒಂದು ಕಾಲು ಇರುತ್ತದಲ್ಲ, ಅದು. ಒಳಗೆ ಎಲ್ಲಾದರೂ ಕರೆಂಟು ದಾರಿ ತಪ್ಪಿ ಕಬ್ಬಿಣದ ಮೈಗೆ ಬಂದರೆ, ಮುಟ್ಟಿದವನ ಮೂಲಕ ನೆಲಕ್ಕಿಳಿಯುವ ಬದಲು ಸುಮ್ಮನೆ ಹಸಿರು ವೈರಿನ ಮೂಲಕ ಇಳಿದುಹೋಗಲಿ ಎಂದು ಮಾಡಿದ ಏರ್ಪಾಡು. ನಮ್ಮ ಕಡೆ ಆ ಮೂರನೆಯ ಕಾಲನ್ನು, ಎರಡು ತೂತಿನ ಬೋರ್ಡಿಗೆ ಹಿಡಿಸುವುದಿಲ್ಲವೆಂದು ಮುರಿದು ಒಗೆಯುತ್ತಾರೆ. ದೊಡ್ಡ ದೊಡ್ಡ ಮನೆಗಳಲ್ಲೂ ಆ ಹಸಿರು ವೈರು ಗೋಡೆಯೊಳಗೆ ನಾಲ್ಕು ಮಾರು ಹೋಗಿ, ಮುಂದೆ ಯಾರೂ ಕರೆಯದೆ ಅಲ್ಲೇ ನಿಂತುಬಿಟ್ಟಿರುತ್ತದೆ. ಯಾಕ್ರೀ ಹೀಗೆ ಎಂದು ಕೇಳಿದರೆ, ‘ಅದಿಲ್ಲದನೂ ಲೈಟ್ ಹತ್ತತೈತಲ್ರೀ?’ ಎನ್ನುತ್ತಾರೆ. ಹತ್ತುತ್ತದೆ.

ಇಂಥ ನನ್ನನ್ನು ಒಂದು ಗಾಲಿಮನೆಯ ಉಸ್ತುವಾರಿಗೆ ಹಾಕಿದವರು ನಮ್ಮ ಅಕ್ಕನ ಗಂಡ, ವಿರುಪಣ್ಣ ಮಾವ. ಲಿಂಗಸುಗೂರಿನಲ್ಲಿ ಅವರದು ಬೀಜ ಗೊಬ್ಬರದ ಅಂಗಡಿ, ದೊಡ್ಡ ದನಿ, ದೊಡ್ಡ ಮನಸ್ಸು, ದೊಡ್ಡ ಮೀಸೆ. ಅವರಿಗೆ ಗಾಲಿಮನೆ ಯಾಕೆ ಬೇಕಾಯಿತು ಎಂದು ಹೇಳಬೇಕಾದರೆ ಅಕ್ಕನ ಹರಕೆಯ ಸಂಗತಿ ಹೇಳಬೇಕು. ನಾನು ಐಟಿಐ ಸೇರಿ ಕರೆಂಟಿನ ಕೆಲಸ ಕಲಿಯುತ್ತೇನೆಂದ ದಿನ ನಮ್ಮ ಶಾಂತಕ್ಕ ದೇವರ ಮುಂದೆ ಸೆರಗೊಡ್ಡಿದ್ದಳು: ‘ಮಲ್ಲಯ್ಯಾ, ನನ್ನ ತಮ್ಮನ ಮೈಗೆ ಕರೆಂಟ್ ಮುಟ್ಟದಂಗ ಕಾಯಪ್ಪಾ. ಶ್ರೀಶೈಲಕ್ಕ ನಡಕೊಂತ ಬರತೀನಿ.’ ಮಲ್ಲಯ್ಯ ತನ್ನ ಕಡೆಯ ಮಾತು ನಡೆಸಿಕೊಟ್ಟ. ಅಕ್ಕನ ಕಡೆಯದು ಬಾಕಿ ಉಳಿಯಿತು. ಮಕ್ಕಳು, ಅತ್ತೆ ಮಾವ, ಎಮ್ಮೆ, ಅಂಗಡಿಯ ಆಳುಗಳ ಊಟ ಎಂದು ಯುಗಾದಿಯ ಮೇಲೆ ಯುಗಾದಿ ಕಳೆದು, ಕೊನೆಗೆ ಬಿಡುವಾಯಿತು ಎನ್ನುವಾಗ ಆಕೆಯ ಮೊಣಕಾಲು ಕೈಕೊಟ್ಟವು. ಬೆಳಗ್ಗೆ ಎದ್ದು ಬಿಸಿನೀರು ಹೊಯ್ದುಕೊಂಡರೆ ಮಾತ್ರ ಆ ಕಾಲು ಮಡಚುತ್ತಿದ್ದವು. ಅಕ್ಕನಿಗೆ ಕಾಲಿನ ನೋವಿಗಿಂತ ಹರಕೆಯ ಭಯ ಹೆಚ್ಚು. ನಾನು ಲಿಂಗಸುಗೂರಿಗೆ ಹೋದಾಗಲೆಲ್ಲ ನನ್ನ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿ, ‘ಹರಕಿ ತೀರೋತನಕ ಹುಷಾರ್ ಇರೋ ತಮ್ಮಾ’ ಎನ್ನುತ್ತಿದ್ದಳು. ಚಿಂತೆ ನಮ್ಮ ಮನೆತನದ ಆಸ್ತಿ. ನನ್ನ ಪಾಲಿಗಷ್ಟೇ ಬಂದದ್ದಲ್ಲ.

ಯುಗಾದಿ ಹತ್ತಿರ ಬಂತೆಂದರೆ ನಮ್ಮ ರಸ್ತೆಯ ಮೇಲೆ ಶ್ರೀಶೈಲಕ್ಕೆ ನಡೆದುಹೋಗುವವರ ಸಾಲೇ ಸಾಲು. ಪ್ರತಿ ಗುಂಪಿನ ಹಿಂದೊಂದು ಟ್ರ್ಯಾಕ್ಟರು, ಅದರ ಟ್ರೇಲರಿಗೆ ತಾಡಪತ್ರಿಯ ಹೊದಿಕೆ, ಒಳಗೆ ರೊಟ್ಟಿಯ ಗಂಟು, ಶೇಂಗಾ ಚಟ್ನಿಯ ಡಬ್ಬಿ, ಕಾಲಿಗೆ ಬೊಬ್ಬೆ ಎದ್ದವರು. ಮಾವನಿಗೆ ತಾಡಪತ್ರಿ ಸಾಲದಾಯಿತು. ಅವರು ಮೊಬೈಲಿನಲ್ಲಿ ಯಾವುದೋ ದೇಶದ ಗಂಡಹೆಂಡಿರು ಕಾರಿನ ಹಿಂದೆ ಮನೆ ಕಟ್ಟಿಕೊಂಡು ಊರೂರು ತಿರುಗುವುದನ್ನು ನೋಡಿದ್ದರು. ಅಂಥದ್ದೇ ಒಂದನ್ನು ಸಿಂಧನೂರಿನ ಟ್ರೇಲರ್ ಕಟ್ಟುವ ಶೆಡ್ಡಿನಲ್ಲಿ ಮಾಡಿಸಿದರು. ಭತ್ತದ ಚೀಲ ಹೊರಲು ಟ್ರೇಲರ್ ಕಟ್ಟುವ ಕೈಗಳು ಅದನ್ನೂ ಭತ್ತದ ಚೀಲಕ್ಕೆ ಕಟ್ಟುವಷ್ಟೇ ಮಜಬೂತಾಗಿ ಕಟ್ಟಿದವು. ಸುತ್ತ ಕಬ್ಬಿಣದ ತಗಡು, ಒಳಗೆ ಮೇಲೊಂದು ಕೆಳಗೊಂದು ಮಲಗುವ ಹಲಗೆಗಳು, ನೆತ್ತಿಯ ಮೇಲೆ ನೀರಿನ ಟ್ಯಾಂಕು, ಹಿಂಬದಿಗೆ ಕಬ್ಬಿಣದ ಮೆಟ್ಟಿಲು, ಮೆಟ್ಟಿಲ ಮೇಲೆ ಪುಟ್ಟ ಬಾತ್‌ರೂಮು, ಬಾತ್‌ರೂಮಿನಲ್ಲಿ ಗೀಸರು. ‘ನಿಮ್ಮಕ್ಕ ನಡೀತಾಳ, ಬಿಸಿನೀರು ಹಿಂದಿಂದ ಬರತೈತಿ. ಕರೆಂಟಿನ ಜವಾಬ್ದಾರಿ ನಿಂದು ಅಳಿಯಾ’ ಎಂದರು ಮಾವ. ರಾಯಚೂರು ಜಿಲ್ಲೆಯ ಬಿಸಿಲಲ್ಲಿ ನೆತ್ತಿಯ ಟ್ಯಾಂಕಿನ ನೀರು ಮಧ್ಯಾಹ್ನಕ್ಕೆ ತಾನೇ ಕುದಿಯುತ್ತದೆ, ಅದನ್ನು ಬೆಳಗಿನವರೆಗೆ ಕಾಪಾಡಿಕೊಳ್ಳುವ ಉಪಾಯ ಮಾಡೋಣ ಎಂದೆ. ಅವರು ನನ್ನನ್ನು ನೋಡಿದ ರೀತಿ ಹೇಗಿತ್ತೆಂದರೆ, ಗೊಬ್ಬರದ ಅಂಗಡಿಗೆ ಬಂದು ‘ಹೊಲಕ್ಕೆ ಸಗಣಿ ಸಾಕಲ್ರೀ’ ಎಂದವನನ್ನು ನೋಡಿದಂತಿತ್ತು.

ಗಾಲಿಯ ಮೇಲಿನ ಮನೆಯ ವೈರಿಂಗ್ ಎಂದರೇನು ಎಂಬುದು ನಿಂತ ಮನೆಯಲ್ಲಿ ಇರುವವರಿಗೆ ತಿಳಿಯದು. ನಿಂತ ಮನೆಯಲ್ಲಿ ಬಿಗಿದ ತಿರುಪು ಬಿಗಿದಲ್ಲಿಯೇ ಇರುತ್ತದೆ. ನಮ್ಮ ರಸ್ತೆಯಲ್ಲಿ ಒಂದು ಹಗಲು ಓಡಿದ ಟ್ರೇಲರಿನಲ್ಲಿ ಯಾವ ತಿರುಪೂ ತನ್ನ ಜಾಗದಲ್ಲಿರುವುದಿಲ್ಲ. ವೈರು ತಗಡಿನ ಅಂಚಿಗೆ ತಿಕ್ಕಿ ತಿಕ್ಕಿ ಮೈ ಸುಲಿದುಕೊಳ್ಳುತ್ತದೆ. ಫ್ಯಾನು ಮತ್ತು ದೀಪಕ್ಕೆಂದು ಬ್ಯಾಟರಿ, ಇನ್ವರ್ಟರ್ ಕೂರಿಸಿದ್ದೆ. ಆದರೆ ನಡೆಯುವವರೆಲ್ಲ ತಮ್ಮ ಮೊಬೈಲನ್ನು ಅದಕ್ಕೇ ಚುಚ್ಚಿದರು, ಮಾವ ಭಜನೆಯ ಮೈಕನ್ನೂ ಅದಕ್ಕೇ ಸಿಕ್ಕಿಸಿದರು. ಸಂಜೆಗೆ ದೀಪ ಎಣ್ಣೆ ತೀರಿದ ಹಣತೆಯಂತಾಗಿ, ‘ಏನಲೇ ಅಳಿಯಾ, ಇದು ನಿನ್ನ ಬ್ಯಾಟರಿಯೋ, ನಿನ್ನ ಧೈರ್ಯವೋ?’ ಎಂದು ಮಾವ ಎಲ್ಲರ ನಡುವೆ ಕೇಳುತ್ತಿದ್ದರು. ಗೀಸರಿನ ಗೋಳು ಇದಕ್ಕಿಂತ ದೊಡ್ಡದು. ನಿಂತ ಮನೆಯ ಗೀಸರಿಗೆ ಒಂದೇ ಊರಿನ ನೀರು, ಒಂದೇ ಊರಿನ ರೋಗ. ಇದಕ್ಕೆ ಲಿಂಗಸುಗೂರಿನ ಬೋರಿನ ಸವಳು ನೀರು, ಮುಂದೆ ಕಾಲುವೆಯ ಕೆಸರು ನೀರು. ಒಳಗೆ ನೀರು ಕಾಯಿಸುವ ಕಾಯಿಲ್ ಇರುತ್ತದಲ್ಲ, ಅದರ ಮೇಲೆ ಸುಣ್ಣ ಕಟ್ಟುತ್ತದೆ. ಸುಣ್ಣದ ಕೆಳಗೆ ಅದು ಬೆಂದು ಬೆಂದು ಒಂದು ದಿನ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಆ ಬಿರುಕಿನಿಂದ ಕರೆಂಟು ನೀರಿಗಿಳಿದು, ನೀರಿನಿಂದ ಟ್ರೇಲರಿನ ಮೈಗೆ ಬರುತ್ತದೆ. ಟ್ರೇಲರೋ, ರಬ್ಬರ್ ಗಾಲಿಯ ಮೇಲೆ ನಿಂತದ್ದು. ಒಳಗಿನವರಿಗೆ ಏನೂ ತಿಳಿಯುವುದಿಲ್ಲ. ನೆಲದ ಮೇಲೆ ನಿಂತು ಮೆಟ್ಟಿಲ ಹಿಡಿಕೆಗೆ ಕೈ ಹಚ್ಚಿದವರಿಗೆ ತಿಳಿಯುತ್ತದೆ.

ಇದನ್ನೆಲ್ಲ ಯೋಚಿಸಿ ಯೋಚಿಸಿ ನಿದ್ದೆಗೆಟ್ಟು ನಾನು ಎರಡು ಕಾವಲು ಇಟ್ಟೆ. ಒಂದು, ಕರೆಂಟು ಸ್ವಲ್ಪ ಸೋರಿದರೂ ತಟ್ಟನೆ ಬಿದ್ದುಹೋಗುವ ಸ್ವಿಚ್ಚು. ಇನ್ನೊಂದು, ಗೂಟ. ಎದೆಯುದ್ದದ ಲೋಹದ ಸರಳು. ಬಿಡಾರ ಎಲ್ಲಿ ಬಿಟ್ಟರೂ ಮೊದಲು ಆ ಗೂಟವನ್ನು ನೆಲಕ್ಕೆ ಹೊಡೆದು, ಟ್ರೇಲರಿನ ಮೈಯಿಂದ ಹಸಿರು ವೈರು ತಂದು ಅದರ ಕೊರಳಿಗೆ ಬಿಗಿದು, ಬುಡಕ್ಕೆ ಉಪ್ಪುನೀರು ಹೊಯ್ಯಬೇಕು. ಬೆಳಗ್ಗೆ ಇನ್ನೊಮ್ಮೆ ನೀರು ಹೊಯ್ದು ನೆಲ ಹಸಿಯಾಗಿ ಇಡಬೇಕು. ಅಲ್ಲಿಯ ಕರೆಂಟಿಗೆ ನಮ್ಮ ವೈರು ಸಿಕ್ಕಿಸುವುದು ಆಮೇಲೆ. ಮೊದಲ ಬಿಡಾರ ನಮ್ಮ ಮಸ್ಕಿಯಲ್ಲೇ, ಪರಿಚಯದವರ ಗೋದಾಮಿನ ಅಂಗಳದಲ್ಲಿ. ನಾನು ಸುತ್ತಿಗೆ ಹಿಡಿದು ಗೂಟ ಹೊಡೆಯತೊಡಗಿದಾಗ ಮಾವ ಮೀಸೆಯಲ್ಲೇ ನಕ್ಕರು.

‘ಏನ್ ಅಳಿಯಾ, ಇಲ್ಲೇ ಮನಿ ಕಟ್ಟಾವ ಏನು? ಪಾಯಾ ಹಾಕಾಕತ್ತಿ?’

‘ಅರ್ಥಿಂಗ್ ಮಾವಾರ. ಇದಿಲ್ಲದ ಕರೆಂಟ್ ಕೊಡಾಂಗಿಲ್ಲ.’

‘ಕೊಡಬ್ಯಾಡಪ್ಪಾ. ನೀ ಗೂಟ ಹೊಡಿಯೋದ್ರಾಗ ನಾವು ಶ್ರೀಶೈಲ ಮುಟ್ಟಿ ತಿರುಗಿ ಬರತೀವಿ, ಅಲ್ಲೀತನಕ ನೀರು ಕಾಯಿಸಿ ಇಡು.’

ಎಲ್ಲರೂ ನಕ್ಕರು. ಹಸಿ ಬಟ್ಟೆ ಒಣಹಾಕಲು ಗೂಟಕ್ಕೆ ಹಗ್ಗ ಕಟ್ಟಿದರು. ಯಾರೋ ಎಡವಿ ಬೈದರು. ಮರುದಿನ ನಸುಕಿನಲ್ಲಿ ನಾನು ಚರಿಗೆಯಲ್ಲಿ ನೀರು ತಂದು, ಗೂಟದ ಮುಂದೆ ಕುಕ್ಕರುಗಾಲಲ್ಲಿ ಕೂತು, ಸಣ್ಣಗೆ ಧಾರೆಯಾಗಿ ಬುಡಕ್ಕೆ ಬಿಡುತ್ತ, ಮರೆಯಬಾರದೆಂದು ಮಾಡಬೇಕಾದ ಕೆಲಸಗಳನ್ನು ಬಾಯಲ್ಲೇ ಗುಣುಗುತ್ತಿದ್ದೆ: ಕಾಯಿಲ್ ನೋಡಬೇಕು, ತಿರುಪು ಬಿಗಿಯಬೇಕು, ವೈರು ತಿಕ್ಕಿದೆಯೋ ನೋಡಬೇಕು. ನಮ್ಮ ಗುಂಪಿಗೆ ಅಡುಗೆ ಮಾಡಲು ಬಂದಿದ್ದ ನೀಲವ್ವ, ಮಾವನ ದೂರದ ಸಂಬಂಧಿ ಮುದುಕಿ, ಇದನ್ನು ನೋಡಿದಳು. ನಸುಕಿನಲ್ಲಿ ಎದ್ದು ಒಬ್ಬ ಗಂಡಸು ಚರಿಗೆಯಿಂದ ನೀರೆರೆಯುತ್ತ ತುಟಿ ಅಲ್ಲಾಡಿಸುತ್ತಿದ್ದರೆ ನೀಲವ್ವನ ಕಣ್ಣಿಗೆ ಅದು ಒಂದೇ ಆಗಿರಲು ಸಾಧ್ಯ. ನಾನು ಹಲ್ಲುಜ್ಜಿ ಬರುವಷ್ಟರಲ್ಲಿ ಗೂಟದ ತಲೆಗೆ ಮೂರು ಬೆರಳಿನ ವಿಭೂತಿ, ಮೇಲೊಂದು ಕಣಗಿಲ ಹೂವು.

ನಾನು ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಯಾಕೆಂದರೆ, ನಿಜ ಹೇಳುತ್ತೇನೆ, ನನಗೆ ಖುಷಿಯಾಯಿತು. ಇಷ್ಟು ವರ್ಷದ ಕಸುಬಿನಲ್ಲಿ ಅರ್ಥಿಂಗಿಗೆ ಒಬ್ಬರಾದರೂ ಕೈಮುಗಿದದ್ದನ್ನು ನಾನು ಕಂಡಿರಲಿಲ್ಲ. ಬಟ್ಟೆಯ ಹಗ್ಗ ಮಾಯವಾಯಿತು. ಎಡವುತ್ತಿದ್ದವರು ಸುತ್ತುಹಾಕಿ ಹೋಗತೊಡಗಿದರು. ಬಳಗಾನೂರಿನ ಬಿಡಾರದಲ್ಲಿ ನಾನು ಸುತ್ತಿಗೆ ತೆಗೆಯುವ ಮೊದಲೇ ಹೆಂಗಸರು ಒಂದು ಜಾಗ ಗುಡಿಸಿ, ನೀರು ಚಿಮುಕಿಸಿ, ‘ಇಲ್ಲಿ ಹಚ್ಚಪ್ಪಾ, ಶುದ್ಧ ಐತಿ’ ಎಂದರು. ಹಸಿಯಾಗಿಯೂ ಇತ್ತು. ಅರ್ಥಿಂಗಿಗೆ ಅದಕ್ಕಿಂತ ಒಳ್ಳೆಯ ಜಾಗ ನನಗೂ ಸಿಗುತ್ತಿರಲಿಲ್ಲ.

ಆದರೆ ಬಳಗಾನೂರಿನಲ್ಲೇ ನನ್ನ ಸ್ವಿಚ್ಚು ಬೀಳತೊಡಗಿತು. ಏರಿಸಿದರೆ ಬೀಳುವುದು, ಏರಿಸಿದರೆ ಬೀಳುವುದು. ನನಗೆ ಅರ್ಥವಾಯಿತು, ಕಾಯಿಲ್ ಬಿರುಕು ಬಿಟ್ಟಿದೆ. ಸಿಂಧನೂರಿನಲ್ಲಿ ಹೊಸ ಕಾಯಿಲ್ ಸಿಗುತ್ತದೆ, ಹಾಕುವವರೆಗೆ ಗೀಸರ್ ಮುಟ್ಟಬೇಡಿ ಎಂದು ಒಬ್ಬೊಬ್ಬರಿಗೂ ಹೇಳಿದೆ. ‘ಅಲ್ಲೀತನಕ ನಿಮ್ಮಕ್ಕನ ಕಾಲು ಏನ್ ಮಾಡಬೇಕಲೇ?’ ಎಂದರು ಮಾವ. ಒಲೆಯ ಮೇಲೆ ಕಾಸೋಣ ಎಂದೆ. ‘ಒಲಿ ಮ್ಯಾಲೆ ಕಾಸಾಕ ಇಷ್ಟು ದೊಡ್ಡ ಗಾಡಿ ಯಾಕ ಕಟ್ಟಿಸಿದೆ ನಾ? ಅಳಿಯಾ, ನಿನ್ನ ಸ್ವಿಚ್ ಭಾಳ ಅಂಜುಬುರುಕ ಐತಿ. ಥೇಟ್ ನಿನ್ನಂಗ.’ ಸಿಂಧನೂರಿನ ಹತ್ತಿರ ಬಂಗಾಳಿ ನಿರಾಶ್ರಿತರು ನೆಲೆಸಿದ ಆರ್.ಎಚ್. ಕ್ಯಾಂಪಿನಲ್ಲಿ, ಮಾವನ ಗೊಬ್ಬರದ ಗಿರಾಕಿಯಾದ ಒಬ್ಬ ರೈತರ ಅಂಗಳದಲ್ಲಿ ನಾವು ಇಳಿದಾಗ ಮಾವ ನನಗೆ ತಿಳಿಯದಂತೆ ಟ್ರ್ಯಾಕ್ಟರಿನ ಡ್ರೈವರನಿಗೆ ಹೇಳಿ ಆ ಸ್ವಿಚ್ಚನ್ನು ತಪ್ಪಿಸಿ ಅದರ ಆಚೆಯ ವೈರನ್ನು ಈಚೆಯ ವೈರಿಗೆ ಸೇರಿಸಿ ತಿರುವಿಸಿದ್ದರು. ನಮ್ಮ ಕಡೆ ಇದಕ್ಕೆ ಡೈರೆಕ್ಟ್ ಕೊಡುವುದು ಎನ್ನುತ್ತಾರೆ. ನಮ್ಮ ಸೀಮೆಯ ಅರ್ಧ ಪಂಪು, ಅರ್ಧ ಮಿಲ್ಲು ಡೈರೆಕ್ಟ್ ಮೇಲೆಯೇ ನಡೆಯುತ್ತವೆ; ಆ ಮಾತಿನಲ್ಲಿ ಏನೋ ಗಂಡಸುತನವೂ ಇದೆ.

ಆ ಬಂಗಾಳಿ ಮನೆಯವರು ಬಹಳ ಒಳ್ಳೆಯವರು. ಹಿತ್ತಲಲ್ಲೇ ಮೀನಿನ ಹೊಂಡ ಇದ್ದರೂ, ‘ಇವತ್ತು ನಾವೂ ಬರೀ ಅನ್ನ ದಾಲ್ ತಿಂತೀವಿ, ಸಾಮಿ ಜನ ಬಂದಾರ’ ಎಂದು ಮನೆಯೊಡತಿ ತನ್ನ ರಾಗದ ಕನ್ನಡದಲ್ಲಿ ನೀಲವ್ವನಿಗೆ ಭರವಸೆ ಕೊಟ್ಟಿದ್ದಳು. ಆದರೂ ನೀಲವ್ವ ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎಂದು ನೋಡಿ ಒಲೆ ಹೂಡಿದಳು. ನಾನು ಗೂಟ ಹೊಡೆದು, ವೈರು ಬಿಗಿದು, ಉಪ್ಪುನೀರು ಹೊಯ್ದು, ನಾಳೆ ಅಂಗಡಿ ತೆರೆಯುತ್ತಲೇ ಕಾಯಿಲ್ ತರಬೇಕೆಂದು ಮಲಗಿದೆ. ನಸುಕಿನಲ್ಲಿ ಎದ್ದು ಕಾಲುವೆಯ ಕಡೆ ಹೋದೆ. ಹಿಂದಿರುಗಿ ಬರುವಾಗ, ಇನ್ನೂ ಅಂಗಳ ಕಾಣುವ ಮೊದಲೇ, ಒಂದು ಕೂಗು. ಅಕ್ಕನದು.

ಓಡಿ ಬಂದೆ. ಮೊದಲು ಗೋಡೆಯ ಪ್ಲಗ್ಗು ಕಿತ್ತೆ. ಅಕ್ಕ ಮೆಟ್ಟಿಲಿನಿಂದ ದೂರ, ಹಸಿ ನೆಲದ ಮೇಲೆ ಬಿದ್ದಿದ್ದಳು. ಒದ್ದೆ ಕಾಲಲ್ಲಿ ನಿಂತು ಹಿಡಿಕೆಗೆ ಕೈ ಹಚ್ಚಿದ್ದಳು, ಅದು ಎತ್ತಿ ಒಗೆದಿತ್ತು. ಹಿಡಿದುಕೊಳ್ಳದೆ ಒಗೆದದ್ದೇ ಅವಳ ಪುಣ್ಯ. ಬಿದ್ದ ರಭಸಕ್ಕೆ ಮಣಿಕಟ್ಟಿನ ಎಲುಬು ಮುರಿದು ಕೈ ಜೋತುಬಿದ್ದಿತ್ತು. ಕಣ್ಣು ಬಿಟ್ಟವಳು ಮೊದಲು ನನ್ನ ಅಂಗೈ ಹುಡುಕಿದಳು. ‘ನಿನಗೇನಾಗಿಲ್ಲ ಹೌದಲ್ಲೋ ತಮ್ಮಾ?’ ಎಂದಳು.

ಅವಳನ್ನು ಸಿಂಧನೂರಿನ ಆಸ್ಪತ್ರೆಗೆ ಕರೆದೊಯ್ಯಲು ಗಾಡಿ ಬರುವವರೆಗೆ ನಾನು ಗೂಟದ ಕಡೆ ನೋಡಿದೆ. ಗೂಟಕ್ಕೆ ಆಗಲೇ ಸ್ನಾನವಾಗಿತ್ತು. ವಿಭೂತಿ, ಹೂವು ಇದ್ದವು. ಹಸಿರು ವೈರು ಇರಲಿಲ್ಲ. ಯಾರೋ ಅದನ್ನು ಬಿಚ್ಚಿ, ಅಚ್ಚುಕಟ್ಟಾಗಿ ಸಿಂಬೆ ಸುತ್ತಿ, ಮೆಟ್ಟಿಲ ಪಕ್ಕದ ಕೊಕ್ಕೆಗೆ ತೂಗುಹಾಕಿದ್ದರು. ಒಳಗೆ ಹೋಗಿ ನೋಡಿದರೆ ಸ್ವಿಚ್ಚು ಡೈರೆಕ್ಟ್. ಪ್ರೀತಿಯಿಂದ ಒಬ್ಬರು, ಭಕ್ತಿಯಿಂದ ಇನ್ನೊಬ್ಬರು, ನನ್ನ ಎರಡೂ ಕಾವಲುಗಳನ್ನು ಕಳಚಿಟ್ಟಿದ್ದರು. ನಾನು ಕೂಗಾಡಿದೆ. ಆಸ್ಪತ್ರೆಯ ಬಾಗಿಲಲ್ಲಿ ನಿಂತು, ವೈರು ಬಿಚ್ಚಿದ್ದಕ್ಕೇ ಹೀಗಾಯಿತು ಎಂದು ಎಲ್ಲರಿಗೂ ಕೈ ಮಾಡಿ ಮಾಡಿ ಹೇಳಿದೆ. ಮಾವ ತಲೆ ತಗ್ಗಿಸಿ ಕೂತಿದ್ದವರು ಈ ಮಾತಿಗೆ ತಲೆ ಎತ್ತಿದರು.

‘ಡೈರೆಕ್ಟ್ ಕೊಡಿಸಿದ್ದು ನಂದು ತಪ್ಪು ಅಳಿಯಾ, ಒಪ್ಪಿಗೋತೀನಿ. ಆದರ ವೈರ್ ಮಾತು ಹೇಳಬ್ಯಾಡ. ಒಂದು ವೈರ್ ತಗದ್ರ ಕರೆಂಟ್ ಕಡಿಮಿ ಆಗಬೇಕಲ್ಲೇ, ಹೆಚ್ಚ ಹೆಂಗಾಗತೈತಿ?’

ಸುತ್ತಲಿದ್ದವರೆಲ್ಲ ಹೌದೆಂದು ತಲೆಯಾಡಿಸಿದರು. ಆಸ್ಪತ್ರೆಯ ಕಾವಲುಗಾರನೂ ಆಡಿಸಿದ. ನೀಲವ್ವ ನಿಟ್ಟುಸಿರಿಟ್ಟು, ‘ಅಲ್ಲಪ್ಪಾ, ದೇವರ ಕೊರಳಿಗೆ ಇಕ್ಕಳ ಹಚ್ಚಿ ವೈರ್ ಬಿಗದ್ರ ದೇವರು ಸುಮ್ಮನ ಇರತಾನೇನು? ನಿನ್ನ ಹೆಸರಿಲೆ ನಿಮ್ಮಕ್ಕಗ ಹೊಡದಾನ’ ಎಂದಳು. ಅದಕ್ಕೂ ತಲೆಯಾಡಿಸಿದರು. ವೈರು ಬಿಚ್ಚಿದವಳು ಇವಳೇ ಎಂದು ನನಗೆ ಅಂದೇ ಖಾತ್ರಿಯಾಯಿತು. ಆ ವರ್ಷವೆಲ್ಲ ನಾನು ಲಿಂಗಸುಗೂರಿಗೆ ಹೋದಾಗ ನೀಲವ್ವ ಕೊಟ್ಟ ಚಹಾ ಕುಡಿಯಲಿಲ್ಲ. ಅಕ್ಕ ಕೈಗೆ ಪಟ್ಟಿ ಕಟ್ಟಿಸಿಕೊಂಡು ಮನೆಗೆ ಮರಳಿದಳು. ಹರಕೆ ಮತ್ತೆ ಬಾಕಿ. ಇತ್ತ ಮಸ್ಕಿಯಿಂದ ಸಿಂಧನೂರಿನವರೆಗೆ ಒಂದು ಸುದ್ದಿ ನಡೆದುಹೋಯಿತು: ಆತ ಹಾಕಿದ ಗೀಸರು ಆತನ ಅಕ್ಕನನ್ನೇ ಬಿಡಲಿಲ್ಲ. ಅಂಗಡಿಗೆ ಬಂದ ಒಬ್ಬರು ಮೋಟರು ಇಳಿಸುವ ಮೊದಲು ‘ಅವರು ನೀವೇ ಏನ್ರೀ?’ ಎಂದು ಕೇಳಿ, ಹೌದೆಂದಾಗ, ಇಳಿಸದೆ ಹೋದರು. ಕರೆಂಟಿಗೆ ಅಂಜುತ್ತಿದ್ದವನನ್ನು ನೋಡಿ ಇಷ್ಟು ದಿನ ನಗುತ್ತಿದ್ದವರು ಈಗ ನನಗೇ ಅಂಜತೊಡಗಿದ್ದರು. ಬಡ್ತಿ ಎನ್ನಬೇಕು.

ಮುಂದಿನ ಯುಗಾದಿ ಬಂತು. ಅಕ್ಕ ಹೊರಟು ನಿಂತಳು. ನಾನಿಲ್ಲದೆ ಆ ಟ್ರೇಲರ್ ಹೊರಡಬಾರದೆಂದು ಗಿರಿಜಾಳ ಮುಂದೆ ನಾನು ಆಣೆ ಮಾಡಿದ್ದೆ. ನಾನಿದ್ದರೆ ಹೊರಡಬಾರದೆಂದು ಬೇರೆಯವರ ಅಭಿಪ್ರಾಯವಿತ್ತು. ಅಕ್ಕ ಒಬ್ಬಳೇ ಗಟ್ಟಿಯಾಗಿ ನಿಂತಳು: ‘ಅವನ ಹರಕಿಗೆ ಹೊಂಟೀನಿ, ಅವನ್ನ ಬಿಟ್ಟು ಹೆಂಗ ಹೋಗಲಿ?’ ಹೊಸ ಕಾಯಿಲ್ ಹಾಕಿದೆ. ಸ್ವಿಚ್ಚನ್ನು ಪೆಟ್ಟಿಗೆಯಲ್ಲಿಟ್ಟು ಕೀಲಿ ಹಾಕಿ, ಕೀಲಿಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡೆ. ಆದರೆ ಗೂಟಕ್ಕೆ ಕೀಲಿ ಹಾಕುವುದು ಹೇಗೆ? ಮೊದಲ ಬಿಡಾರದಲ್ಲಿ ವೈರು ಬಿಗಿದು ಹಿಂದೆ ಸರಿಯುವಷ್ಟರಲ್ಲಿ ನೀಲವ್ವ ಬಂದಳು. ‘ಮತ್ತ ಕಟ್ಟಿದೇನಪ್ಪಾ? ಬಿಡಸ್ತೀನಿ ತಡಿ’ ಎಂದು ಗೂಟದ ಕೊರಳಿಗೆ ಕೈ ಹಾಕಿದಳು. ಸೋರಿಕೆ, ನೆಲ, ಹಾದಿ ಎಂದು ಕಳೆದ ವರ್ಷ ಆಡಿದ ಮಾತೆಲ್ಲ ಗಂಟಲಿಗೆ ಬಂದು, ಅವುಗಳಿಂದ ಏನೂ ಆಗದೆಂದು ಗೊತ್ತಾಗಿ, ಅಲ್ಲೇ ನಿಂತವು. ನನ್ನ ಬಾಯಿ ಬೇರೇನನ್ನೋ ಹೇಳಿತು.

‘ಯವ್ವಾ, ಮುಟ್ಟಬ್ಯಾಡ. ಅದು ಶಿವದಾರ.’

ನೀಲವ್ವನ ಕೈ ಕಾದ ಹೆಂಚು ಮುಟ್ಟಿದಂತೆ ಹಿಂದೆ ಬಂತು. ನಮ್ಮಲ್ಲಿ ಕೊರಳ ಲಿಂಗವನ್ನು ಹೊತ್ತ ದಾರ ಅದು. ಅದನ್ನು ಯಾರೂ ಬಿಚ್ಚುವುದಿಲ್ಲ. ಅವಳು ತನ್ನ ಕೊರಳ ದಾರವನ್ನು ಒಮ್ಮೆ ಮುಟ್ಟಿಕೊಂಡಳು, ಹಸಿರು ವೈರನ್ನು ನೋಡಿದಳು, ಎರಡೂ ಗಲ್ಲ ತಟ್ಟಿಕೊಂಡಳು. ‘ಹೌದಲ್ಲಪ್ಪಾ. ದಾರ ಇಲ್ಲದ ಲಿಂಗ ಎಲ್ಲೈತಿ? ಇಷ್ಟು ದಿನ ಯಾಕ ಹೇಳಲಿಲ್ಲ ನೀ?’ ಎಂದಳು. ಮಾವನೂ ಬಂದು ನೋಡಿ, ‘ಹಂಗ ತಿಳಿಯೋಹಂಗ ಹೇಳಬೇಕಲೇ. ಅರ್ಥಿಂಗ್ ಗಿರ್ಥಿಂಗ್ ಅಂದ್ರ ಯಾರಿಗೆ ತಿಳಿಬೇಕು?’ ಎಂದರು. ಅಂದಿನಿಂದ ಆ ವೈರಿಗೆ ನೊಣ ಕೂತರೂ ಓಡಿಸುವವರು ಹುಟ್ಟಿದರು. ಐಟಿಐಯಲ್ಲಿ ಕಲಿತದ್ದು, ಸುಟ್ಟ ಮೋಟರುಗಳು ಕಲಿಸಿದ್ದು, ನಿದ್ದೆಗೆಟ್ಟು ಯೋಚಿಸಿದ್ದು ಎಲ್ಲ ಸೇರಿ ಮಾಡಲಾರದ್ದನ್ನು ಒಂದು ಸುಳ್ಳು ಮಾಡಿತು. ನಾನು ಹೆಮ್ಮೆಪಟ್ಟೆನೆಂದರೆ ನಂಬುತ್ತೀರೋ ಇಲ್ಲವೋ. ಆ ದಿನ ರೊಟ್ಟಿ ಒಂದು ಹೆಚ್ಚೇ ತಿಂದೆ.

ಅಕ್ಕ ಮಾತ್ರ ಅಂದಿನಿಂದ ಸುಮ್ಮನಾದಳು. ಮರುದಿನ ನೋಡಿದರೆ, ಬಾತ್‌ರೂಮಿನ ಕಡೆ ಹೋಗದೆ, ಹೊರಗೆ ಸೀರೆಯ ಮರೆ ಕಟ್ಟಿಕೊಂಡು ತಣ್ಣೀರು ಹೊಯ್ದುಕೊಂಡಳು. ಹೋದ ವರ್ಷದ ಭಯ ಇರಬೇಕೆಂದುಕೊಂಡು, ‘ಅಕ್ಕಾ, ಈಗ ಏನೂ ಆಗಾಂಗಿಲ್ಲ, ನಾ ಮುಂದ ನಿಂತು ಮುಟ್ಟಿ ತೋರಸ್ತೀನಿ’ ಎಂದೆ. ಬೇಡವೆಂದು ಕೈಯಾಡಿಸಿದಳು. ಬಳಗಾನೂರಿನಲ್ಲಿ ಬೇವಿನ ನೆರಳಿಗೆ ಕಾಲು ಚಾಚಿ ಕೂತು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಮೊಣಕಾಲು ಊದಿ ತೆಂಗಿನಕಾಯಿಯಂತಾಗಿದ್ದವು. ನನ್ನನ್ನು ಹತ್ತಿರ ಕರೆದಳು.

‘ತಮ್ಮಾ, ಒಂದು ಮಾತು ಕೇಳತೀನಿ, ಸುಳ್ಳು ಹೇಳಬಾರದು. ಅದು ಶಿವದಾರ ಅಂತ ನಿನಗ ಹೋದ ವರ್ಷನೂ ಗೊತ್ತಿತ್ತೇನು?’

‘ಯಾಕ ಕೇಳ್ತಿ ಅಕ್ಕಾ?’

‘ಅದನ್ನ ಬಿಚ್ಚಿದಾಕಿ ನಾನೇ ಅದೀನಿ. ನೀಲವ್ವ ಅಲ್ಲ. ನೀ ದಿನಾ ಇಕ್ಕಳ ಹಿಡಕೊಂಡು ದೇವರ ಕೊರಳು ತಿರುವೋದು ನೋಡಿ ನನಗ ಜೀವ ಹೊಡಕೋತಿತ್ತು. ನನ್ನ ತಮ್ಮಗ ಪಾಪ ಹತ್ತಬಾರದು ಅಂತ, ಆವತ್ತು ನೀ ಕಾಲವಿ ಕಡೆ ಹೋದಾಗ ನೀರು ಹಾಕಿ, ಕೈ ಮುಗದು, ಬಿಚ್ಚಿ ಸುತ್ತಿ ಇಟ್ಟೆ. ಶಿವದಾರ ಹರದಂಗ ಆತಲ್ಲೋ. ಅದಕ್ಕ ಹೊಡದ ನನಗ. ಹೊಡೀಲಿ, ನಂದೇ ತಪ್ಪು. ಅದಕ್ಕ ಬಿಸಿನೀರು ಬಿಟ್ಟೀನಿ. ಇನ್ನ ಈ ಜೀವ ಇರೋತನಕ ಮೈಗೆ ಬಿಸಿನೀರು ಹಾಕೋದಿಲ್ಲ ಅಂತ ಮಲ್ಲಯ್ಯಗ ಮಾತು ಕೊಟ್ಟೀನಿ.’

ನಾನು ಅವಳ ಮುಂದೆ ನೆಲದ ಮೇಲೆ ಕೂತೆ. ಇಡೀ ಸತ್ಯ ಹೇಳಿದೆ. ಅದು ದೇವರಲ್ಲ, ಗೂಟ. ಅದು ದಾರವಲ್ಲ, ವೈರು. ನೀಲವ್ವನ ಕೈ ತಡೆಯಲು ಬಾಯಿಗೆ ಬಂದದ್ದು ಹೇಳಿದೆ. ನಿನ್ನನ್ನು ಹೊಡೆದದ್ದು ಬಿರುಕು ಬಿಟ್ಟ ಕಾಯಿಲ್. ನೀನು ಯಾವ ಪಾಪವನ್ನೂ ಮಾಡಿಲ್ಲ. ಕಡ್ಡಿಯಿಂದ ನೆಲದ ಮೇಲೆ ಗೀಸರು ಬರೆದು, ಕರೆಂಟು ಬರುವ ಹಾದಿ ಬರೆದು, ಹೋಗುವ ಹಾದಿ ಬರೆದು ತೋರಿಸಿದೆ. ಅಕ್ಕ ಪೂರ್ತಿ ಕೇಳಿದಳು. ಅಷ್ಟು ಗಮನ ಕೊಟ್ಟು ಅರ್ಥಿಂಗಿನ ಬಗ್ಗೆ ನನ್ನಿಂದ ಯಾರೂ ಕೇಳಿದ್ದಿಲ್ಲ. ಮುಗಿದ ಮೇಲೆ ಎಣ್ಣೆಗೈಯಿಂದಲೇ ನನ್ನ ತಲೆ ನೇವರಿಸಿದಳು.

‘ನನ್ನ ಸಮಾಧಾನಕ್ಕ ಹೇಳತಿ. ಗೊತ್ತೈತಿ ನನಗ. ಸಣ್ಣಾಂವ ಇದ್ದಾಗಿಂದ ಹಿಂಗೇ ನೀ.’

ಅಕ್ಕ ಶ್ರೀಶೈಲ ಮುಟ್ಟಿದಳು. ಪೂರ್ತಿ ನಡೆದೇ ಮುಟ್ಟಿದಳು. ನಲ್ಲಮಲ ಕಾಡಿನ ಏರಿನಲ್ಲಿ ಒಂದೊಂದು ಹೆಜ್ಜೆಗೂ ಅವಳ ಮುಖ ಕಿವುಚಿಕೊಳ್ಳುವುದನ್ನು ನೋಡುತ್ತ, ಅವಳಿಗಾಗಿ ಕಟ್ಟಿದ ಗೀಸರಿನ ಜೊತೆ ನಾನು ಹಿಂದೆ ಹಿಂದೆ ಬಂದೆ. ಹರಕೆ ತೀರಿತು. ಅವಳ ಲೆಕ್ಕದಲ್ಲಿ ನನಗಿನ್ನು ಕರೆಂಟಿನ ಭಯವಿಲ್ಲ. ಅವಳು ಕೊಟ್ಟ ಮಾತು ಮಾತ್ರ ಹಾಗೇ ಇದೆ, ಮನೆಯಲ್ಲೂ ತಣ್ಣೀರೇ. ‘ಯಾಕ ಬಿಟ್ಟಾಳೋ ಕೇಳಿದ್ರ ಹೇಳವಲ್ಲಳು. ನಿನ್ನ ಮಾತು ಕೇಳತಾಳ, ನೀನೇ ಒಂದೀಟು ತಿಳಿಸಿ ಹೇಳು ಅಳಿಯಾ’ ಎಂದು ಮಾವ ಫೋನು ಮಾಡುತ್ತಾರೆ. ಹೇಳುತ್ತೇನೆ ಎಂದು ಇಡುತ್ತೇನೆ.

ಗೀಸರಿನ ಬಗ್ಗೆ ಇನ್ನೊಂದು ಸಂಗತಿಯಿದೆ. ಅದನ್ನು ಬಳಸದೆ ನೀರು ನಿಲ್ಲಿಸಿಟ್ಟರೆ ಬೇಗ ಕೆಡುತ್ತದೆ. ಆಗಾಗ ಕಾಯಬೇಕು, ಹರಿಯಬೇಕು. ಅಕ್ಕ ಈಗಲೂ ಪ್ರತಿ ಯುಗಾದಿಗೆ ಒಂದೆರಡು ಬಿಡಾರದವರೆಗಾದರೂ ನಡೆದುಬರುತ್ತಾಳೆ, ಟ್ರೇಲರೂ ಬರುತ್ತದೆ. ಯಾರಾದರೂ ಒಬ್ಬರು ಆ ಗೀಸರಿನ ನೀರಿನಲ್ಲಿ ಸ್ನಾನ ಮಾಡಲೇಬೇಕು. ಮಾವ, ಅಂದು ಆಸ್ಪತ್ರೆಯ ಬಾಗಿಲಲ್ಲಿ ಕೂತವರು, ಆಮೇಲೆ ಆ ಮೆಟ್ಟಿಲು ಹತ್ತಿಲ್ಲ. ‘ನನಗ ತಣ್ಣೀರೇ ಬರೋಬರ್’ ಎನ್ನುತ್ತಾರೆ. ನೀಲವ್ವ ಅದನ್ನು ಗರ್ಭಗುಡಿ ಮಾಡಿಬಿಟ್ಟಿದ್ದಾಳೆ, ಒಳಗೆ ಕಾಲಿಡುವುದಿಲ್ಲ. ಉಳಿದವನು ನಾನು. ಕಾಯಿಲ್ ತಿಕ್ಕಿ ಸುಣ್ಣ ತೆಗೆದಿರುತ್ತೇನೆ, ತಿರುಪು ಬಿಗಿದಿರುತ್ತೇನೆ. ಮೊಣಕಾಲಿಗೆ ಎಷ್ಟು ಬೇಕೋ ಅಷ್ಟೇ ಹದದಲ್ಲಿ ನೀರು ಬರುತ್ತದೆ. ತಗಡಿನ ಆಚೆ ಅಕ್ಕ ತಣ್ಣೀರಿನ ತಂಬಿಗೆ ಎತ್ತುವ ಮೊದಲು ಉಸಿರು ಬಿಗಿಹಿಡಿಯುವುದು ಕೇಳುತ್ತದೆ, ಆಮೇಲೆ ‘ಶಿವಾ’ ಎನ್ನುವುದು ಕೇಳುತ್ತದೆ. ಈಚೆ ನಾನು ನೋವಿಲ್ಲದ ನನ್ನ ಕಾಲುಗಳ ಮೇಲೆ ಅವಳ ಬಿಸಿನೀರು ಹೊಯ್ದುಕೊಳ್ಳುತ್ತೇನೆ. ಮುಗಿಸಿ, ಹಿಡಿಕೆಗೆ ಕೈ ಹಚ್ಚಿಯೇ ಒದ್ದೆ ಕಾಲನ್ನು ನೆಲಕ್ಕಿಡಬೇಕು. ಗೂಟ ನಾನೇ ಹೊಡೆದದ್ದು, ವೈರು ನಾನೇ ಬಿಗಿದದ್ದು. ಆದರೂ ಒಂದು ಕ್ಷಣ ಕೈ ಮುಂದೆ ಹೋಗುವುದಿಲ್ಲ. ಕಣ್ಣು ಮುಚ್ಚಿ, ಶಿವದಾರ ಇದ್ದಲ್ಲೇ ಇರಲಪ್ಪಾ ಎಂದುಕೊಂಡು ಹಿಡಿಯುತ್ತೇನೆ.